ಹೆದರಿಕೆಗೆ ಕಟ್ಟುವ ಕಂತು

ಜೂನ್ ತಿಂಗಳು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ಎರಡು ಕಾರಣಕ್ಕೆ ಭಾರ. ಒಂದು ಮಳೆ, ಇನ್ನೊಂದು ಫೀಸು. ಮಳೆ ಬಂದರೆ ಬೀಜ, ಗೊಬ್ಬರಕ್ಕೆ ದುಡ್ಡು ಹೊಂದಿಸಬೇಕು. ಬಾರದಿದ್ದರೆ ಆ ಖರ್ಚನ್ನಾದರೂ ಮುಂದೂಡಬಹುದು. ಫೀಸು ಮೋಡ ನೋಡಿಕೊಂಡು ಬರುವುದಿಲ್ಲ. ಸ್ಕಂದಗಿರಿಯ ಬುಡದ ಕಳವಾರವಿರಲಿ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಯಾವುದೇ ಹಳ್ಳಿಯಿರಲಿ, ಬೆಳಿಗ್ಗೆ ಎಂಟರ ಹೊತ್ತಿಗೆ ಟೈ ಕಟ್ಟಿಕೊಂಡು ಹಳದಿ ವ್ಯಾನಿಗೆ ಕಾಯುವ ಮಕ್ಕಳು ಈಗ ಅಪರೂಪವಲ್ಲ. ಅಲ್ಲೇ ಕೂಗಳತೆಯಲ್ಲಿ ಊರಿನ ಸರ್ಕಾರಿ ಶಾಲೆ ಇರುತ್ತದೆ, ಬಿಟ್ಟಿ ಪುಸ್ತಕವಿರುತ್ತದೆ, ಮಧ್ಯಾಹ್ನದ ಬಿಸಿಯೂಟವೂ ಇರುತ್ತದೆ. ಆದರೂ ವ್ಯಾನು ತುಂಬುತ್ತದೆ.

ತುಂಬಿಸುವ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ನಮ್ಮ ಕಡೆಯವರಿಗೆ ಗೊತ್ತಿರುವ ಕಥೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡಿನ ಬೆಲೆ ದಿನಕ್ಕೊಂದು ಥರ. ಚಿಂತಾಮಣಿಯ ಮಂಡಿಯಲ್ಲಿ ಟೊಮೆಟೊ ಒಂದು ವಾರ ಬಂಗಾರ, ಮರುವಾರ ರಸ್ತೆ ಪಾಲು. ಶಾಲೆಯ ಕಂತಿಗೆ ಮಾತ್ರ ತಾರೀಖು ನಿಗದಿ. ಗೂಡಿನ ಬೆಲೆ ಬಿದ್ದ ತಿಂಗಳಲ್ಲಿ ಸಂಘದ ಸಾಲ, ಅದೂ ಸಾಲದಿದ್ದರೆ ಚೀಟಿ, ಕೊನೆಗೆ ಕಿವಿಯೋಲೆ ಅಡ. ಮೈಕ್ರೋಫೈನಾನ್ಸ್ ವಸೂಲಿಗಾರರ ಕಾಟ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತಲ್ಲ, ಆ ಸಾಲಗಳಲ್ಲಿ ಬೇಸಾಯ, ಆಸ್ಪತ್ರೆ, ಮದುವೆಯ ಪಕ್ಕದಲ್ಲಿ ಮಕ್ಕಳ ಓದೂ ಕೂತಿದೆ.

ಬಿಲ್ಲನ್ನು ಒಮ್ಮೆ ನೋಡಿ. ದಾಖಲಾತಿ, ಬೋಧನೆ, ವ್ಯಾನು, ಎರಡು ಜೊತೆ ಯೂನಿಫಾರಂ, ಶನಿವಾರಕ್ಕೆ ಬೇರೆ ಬಿಳಿ ಶೂ, ಬೆಲ್ಟು, ಪುಸ್ತಕದ ಕಿಟ್ಟು, ಸ್ಮಾರ್ಟ್ ಕ್ಲಾಸು, ವಾರ್ಷಿಕೋತ್ಸವದ ಡ್ರೆಸ್ಸು. ಇದಾದ ಮೇಲೆ ಸಂಜೆಯ ಟ್ಯೂಷನ್ನು. ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದಾದ್ಯಂತ ನಡೆಸಿದ ಶಿಕ್ಷಣ ಸಮೀಕ್ಷೆಯ ಪ್ರಕಾರ ಸರ್ಕಾರಿ ಶಾಲೆಯ ಮಗುವಿಗೆ ಮನೆಯವರು ವರ್ಷಕ್ಕೆ ಮಾಡುವ ಖರ್ಚು ಸರಾಸರಿ 2,863 ರೂಪಾಯಿ, ಉಳಿದ ಶಾಲೆಗಳ ಮಗುವಿಗೆ 25,002 ರೂಪಾಯಿ. ಅದೇ ಸಮೀಕ್ಷೆಯಲ್ಲಿ ನೂರಕ್ಕೆ 27 ಮಕ್ಕಳು ಟ್ಯೂಷನ್ನಿಗೋ ಕೋಚಿಂಗಿಗೋ ಹೋಗುತ್ತಿದ್ದರು. ಹಳ್ಳಿಗಳಲ್ಲೂ ಈ ಪ್ರಮಾಣ ಕಾಲು ಭಾಗ ದಾಟಿದೆ. ಪಟ್ಟಣದ ಚಾಳಿ ಎಂದು ತಳ್ಳಿಹಾಕುವಂತಿಲ್ಲ.

ಹಿಂದಿನ ಹೆತ್ತವರಿಗೆ ಮಕ್ಕಳ ಬಗ್ಗೆ ಆತಂಕವಿರಲಿಲ್ಲ ಎಂದು ಯಾರೂ ತಿಳಿಯಬಾರದು. ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಸಾಲುಸಾಲಾಗಿ ನಿಂತ ನಾಗರಕಲ್ಲುಗಳೇ ಅದಕ್ಕೆ ಸಾಕ್ಷಿ. ಮಗು ಆಗಲಿ, ಆದದ್ದು ಉಳಿಯಲಿ ಎಂದು ಹೊತ್ತ ಹರಕೆಗಳವು. 1971ರಲ್ಲಿ ಈ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರ ಹೊತ್ತಿಗೆ ಕರ್ನಾಟಕದಲ್ಲಿ ಈ ಸಂಖ್ಯೆ ಬರೀ 19 ಆಗಿತ್ತು. ಲಸಿಕೆ, ಆಸ್ಪತ್ರೆಯ ಹೆರಿಗೆ, ಆಶಾ ಕಾರ್ಯಕರ್ತೆಯರು ಸೇರಿ ಮಾಡಿದ ದೊಡ್ಡ ಕೆಲಸವಿದು. ಹುಟ್ಟಿದ ಮಗು ಬದುಕುತ್ತದೆಂಬ ಭರವಸೆ ಬಂದಂತೆ ಹೆರುವ ಮಕ್ಕಳ ಸಂಖ್ಯೆಯೂ ತಗ್ಗಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಐದಾರು ಮಕ್ಕಳಿದ್ದ ಮನೆಯಲ್ಲಿ ಒಬ್ಬನಾದರೂ ದಡ ಸೇರುತ್ತಾನೆಂಬ ಲೆಕ್ಕವಿತ್ತು. ಒಂದೋ ಎರಡೋ ಇರುವ ಮನೆಯಲ್ಲಿ ಆ ಲೆಕ್ಕಕ್ಕೆ ಜಾಗವಿಲ್ಲ. ಮಗು ಉಳಿಯುತ್ತದೋ ಇಲ್ಲವೋ ಎಂಬ ಹಳೆಯ ಭಯ ಹೋಗಿ ಹಿಂದುಳಿದುಬಿಡುತ್ತದೇನೋ ಎಂಬ ಹೊಸ ಭಯ ಬಂತು. ಹಳೆಯ ಭಯಕ್ಕೆ ಒಂದು ತಾಯತ, ಒಂದು ಹರಕೆ ಸಾಕಾಗುತ್ತಿತ್ತು. ಹೊಸದು ತಿಂಗಳು ತಿಂಗಳೂ ಕಂತು ಕೇಳುತ್ತದೆ.

ಈ ಭಯದ ಮೊದಲ ಹೆಸರು ಇಂಗ್ಲಿಷು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ, ಮಾಧ್ಯಮದ ಆಯ್ಕೆ ಹೆತ್ತವರದ್ದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ಹೇಳಿತು. ನಮ್ಮ ಗಡಿ ಸೀಮೆಯಲ್ಲಿ ಆ ಆಯ್ಕೆಯ ಪಾಡು ಹೇಗಿದೆ ಗೊತ್ತೇ? ಅನೇಕ ಮನೆಗಳಲ್ಲಿ ಮಾತು ತೆಲುಗು, ಬೀದಿಯಲ್ಲಿ ಕನ್ನಡ, ಮಗುವಿನ ಡೈರಿಯಲ್ಲಿ ಇಂಗ್ಲಿಷು. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ತಾಯಿ ಗಣಿತ ಹೇಳಿಕೊಡಬಲ್ಲಳು, ಪರಿಸರದ ಪಾಠವನ್ನು ಟೀಚರಿಗಿಂತ ಚೆನ್ನಾಗಿ ಹೇಳಬಲ್ಲಳು. ಹಿಪ್ಪುನೇರಳೆ ಸೊಪ್ಪು ಕೊಯ್ದು, ನಾಲ್ಕು ಸಲ ಪೊರೆ ಕಳಚುವ 'ಜ್ವರ' ದಾಟಿಸಿ ರೇಷ್ಮೆ ಹುಳು ಸಾಕುವವಳಿಗೆ ಕೀಟದ ಜೀವನಚಕ್ರ ಪುಸ್ತಕದಿಂದ ತಿಳಿಯಬೇಕಾಗಿಲ್ಲ. ಆದರೆ ಡೈರಿಯಲ್ಲಿ ಬರೆದು ಕಳಿಸಿದ್ದನ್ನು ಓದಲು ಅವಳು ಪಕ್ಕದ ಮನೆಯ ಕಾಲೇಜು ಹುಡುಗಿಯನ್ನು ಕರೆಯಬೇಕು. ಹೀಗಾಗಿ ಒಂದನೇ ತರಗತಿಯ ಮಗುವಿಗೂ ಟ್ಯೂಷನ್ ಬೇಕಾಗುತ್ತದೆ. ಇದನ್ನು ಶೋಕಿ ಎನ್ನುವವರು ಮನೆಯಲ್ಲಿ ಇಂಗ್ಲಿಷ್ ಇರುವವರು. ಇಂಗ್ಲಿಷಿಲ್ಲದ ಮನೆ ಇಂಗ್ಲಿಷ್ ಶಾಲೆಗೆ ತೆರುವ ಎರಡನೇ ಫೀಸು ಇದು.

ಮಗುವಿಗೆ ಅಂಕ ಕಡಿಮೆ ಬಂದರೆ ಮೊದಲ ಮಾತು ಬೀಳುವುದೂ ತಾಯಿಯ ಮೇಲೆಯೇ: 'ಮನೇಲೇ ಇರ್ತೀಯ, ಮಗೂನ ಓದ್ಸೋಕಾಗಲ್ವ?' ಹುಳುವಿನ ಮನೆ, ಹಸು, ಒಲೆ ಎಲ್ಲ ಅವಳದ್ದೇ ಆಗಿರುವಾಗ ಮನೆಯಲ್ಲೇ ಇರುವುದೆಂದರೆ ಬಿಡುವಾಗಿರುವುದು ಎಂದು ಲೆಕ್ಕ ಹಾಕುವವರಿಗೇನು ಹೇಳುವುದು. ಎಲ್ಲರಿಗೂ ಫೀಸು ಕಟ್ಟಲಾಗದ ಮನೆಯಲ್ಲಿ ಮಗ ಕಾನ್ವೆಂಟಿಗೆ, ಮಗಳು ಸರ್ಕಾರಿ ಶಾಲೆಗೆ ಹೋಗುವುದೂ ನಮಗೆ ಹೊಸದಲ್ಲ. ಭಯಕ್ಕೆ ಬೆಲೆ ಕಟ್ಟಿದಾಗ ಯಾರ ಭವಿಷ್ಯಕ್ಕೆ ಮೊದಲು ಹೆದರಬೇಕೆಂಬುದನ್ನೂ ಮನೆ ತೀರ್ಮಾನಿಸಿಬಿಡುತ್ತದೆ.

ಭಯವಿರುವ ಕಡೆ ಅಂಗಡಿ ತೆರೆಯುತ್ತದೆ. ಹಾಲಿನ ಡಬ್ಬಿಯ ಚರಿತ್ರೆಯನ್ನೇ ನೋಡಿ. ಎದೆಹಾಲು ಸಾಲದೇನೋ ಎಂಬ ಬಾಣಂತಿಯ ದಿಗಿಲನ್ನು ಕಂಪನಿಗಳು ಹೇಗೆ ದುಡಿಸಿಕೊಂಡವೆಂದರೆ, 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೊಂದು ಸಂಹಿತೆ ಮಾಡಬೇಕಾಯಿತು. ಭಾರತ 1992ರಲ್ಲಿ ಕಾನೂನನ್ನೇ ತಂದಿತು. ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತು ಇವತ್ತು ನಿಷಿದ್ಧ. ವ್ಯಾಪಾರ ಎರಡು ವರ್ಷ ದಾಟಿದ ಮಕ್ಕಳ ಕಡೆಗೆ ತಿರುಗಿತು. ಎತ್ತರ, ಚುರುಕು, ಜ್ಞಾಪಕಶಕ್ತಿ ಎಂದು ಮಾರಿದ ಪುಡಿಗಳಿಗೆ 'ಆರೋಗ್ಯ ಪೇಯ' ಎಂಬ ವಿಭಾಗವೇ ಕಾನೂನಿನಲ್ಲಿಲ್ಲ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ತಿಳಿಸಿ, ಬೋರ್ನ್‌ವಿಟಾದಂಥವನ್ನು ಆ ಪಟ್ಟಿಯಿಂದ ತೆಗೆಯಲು ಹೇಳಿತು. ಅದೇ ತಿಂಗಳು ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ, ಭಾರತದಲ್ಲಿ ಮಾರುವ ಸೆರೆಲ್ಯಾಕ್‌ನಲ್ಲಿ ಒಂದು ಸಲದ ತಿನಿಸಿಗೆ ಸರಾಸರಿ ಮೂರು ಗ್ರಾಂ ಹತ್ತಿರ ಸಕ್ಕರೆ ಸೇರಿಸಲಾಗಿದೆ ಎಂದು ವರದಿ ಮಾಡಿತು. ಇತ್ತ ನಮ್ಮ ಅಜ್ಜಿಯರು ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿ ಮಾಡುತ್ತಿದ್ದ ಸರಿಯನ್ನು ಬಡವರ ಊಟವೆಂದು ನಾವು ಬಿಟ್ಟೆವು. ಆಮೇಲೆ ಅದೇ ರಾಗಿ ಬಣ್ಣದ ಪ್ಯಾಕೆಟ್ಟಿನಲ್ಲಿ ಬಂದಾಗ ಕೊಂಡೆವು.

ಓದಿನ ಅಂಗಡಿಯ ಕಥೆಯೂ ಇಂಥದ್ದೇ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದಾಗ ಬೆಂಗಳೂರಿನ ಬೈಜೂಸ್ ದೇಶದ ಮನೆಮನೆಯ ಮಾತಾಯಿತು. ಕ್ರಿಕೆಟ್ ಆಟಗಾರರ ಅಂಗಿಯ ಮೇಲೂ ಅದೇ ಹೆಸರು. ಬಡ ಪೋಷಕರಿಗೆ ಒತ್ತಡ ಹಾಕಿ, ಸಾಲ ಮಾಡಿಸಿ ಕೋರ್ಸ್ ಮಾರಲಾಗುತ್ತಿದೆ ಎಂಬ ದೂರುಗಳ ಮೇಲೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2022ರ ಡಿಸೆಂಬರಿನಲ್ಲಿ ಕಂಪನಿಯ ಮುಖ್ಯಸ್ಥರಿಗೆ ಸಮನ್ಸ್ ಕೊಟ್ಟಿತು. 2024ರ ಜುಲೈನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಪೋಷಕರ ಭಯ ದಿವಾಳಿಯಾಗಲಿಲ್ಲ; ಪಕ್ಕದ ಅಂಗಡಿಗೆ ಹೋಯಿತು ಅಷ್ಟೆ.

ಈ ದಾರಿ ಎಲ್ಲಿಗೆ ಮುಟ್ಟುತ್ತದೆಂದು ತಿಳಿಯಬೇಕಾದರೆ ದಕ್ಷಿಣ ಕೊರಿಯಾವನ್ನು ನೋಡಬೇಕು. 1964ರ ಡಿಸೆಂಬರಿನಲ್ಲಿ ಸಿಯೋಲ್ ನಗರದ ಮಾಧ್ಯಮಿಕ ಶಾಲೆಗಳ ಪ್ರವೇಶ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು: ಅಲ್ಲಿನ ಒಂದು ಅಂಟುಮಿಠಾಯಿ ಮಾಡಲು ಮೊಳಕೆ ಧಾನ್ಯದ ಬದಲು ಏನು ಹಾಕಬಹುದು? ಸರಿಯುತ್ತರ ಒಂದು ಕಿಣ್ವದ ಹೆಸರು. ಮೂಲಂಗಿ ರಸ ಎಂದು ಬರೆದ ಮಕ್ಕಳಿಗೆ ಅಂಕ ಹೋಯಿತು. ಮೂಲಂಗಿಯಲ್ಲೂ ಆ ಕಿಣ್ವವಿದೆಯೆಂದು ಪಠ್ಯದಲ್ಲೇ ಇದೆಯಲ್ಲ ಎಂದು ತಾಯಂದಿರು ರೇಗಿದರು. ಮೂಲಂಗಿ ರಸದಲ್ಲೇ ಮಿಠಾಯಿ ಕಾಸಿ, ಶಿಕ್ಷಣ ಕಚೇರಿಗೆ ಹೊತ್ತೊಯ್ದು, ತಿಂದು ನೋಡಿ ಎಂದು ಕೂತರು. ಮರುವರ್ಷ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಒಂದು ಅಂಕದಿಂದ ಹನ್ನೆರಡು ವರ್ಷದ ಮಗುವಿನ ಬಾಳು ತಿರುಗಿಬಿಡುತ್ತದೆಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು.

ಸರ್ಕಾರ ಸುಮ್ಮನಿರಲಿಲ್ಲ. 1969ರಲ್ಲಿ ಸಿಯೋಲ್‌ನಲ್ಲಿ ಆ ಪರೀಕ್ಷೆಯನ್ನೇ ತೆಗೆಯಿತು. ಪೈಪೋಟಿ ಹೈಸ್ಕೂಲಿಗೆ ಏರಿತು. 1974ರಿಂದ ಹೈಸ್ಕೂಲು ಪ್ರವೇಶವನ್ನೂ ಸಮಗೊಳಿಸಲು ಹೊರಟಿತು. ಪೈಪೋಟಿ ವಿಶ್ವವಿದ್ಯಾಲಯದ ಬಾಗಿಲಿಗೆ ಹೋಯಿತು. 1980ರಲ್ಲಿ ಸೇನಾಡಳಿತ ಖಾಸಗಿ ಟ್ಯೂಷನ್ನನ್ನೇ ನಿಷೇಧಿಸಿತು. ಅದು ಕದ್ದುಮುಚ್ಚಿ ನಡೆದು ಇನ್ನಷ್ಟು ದುಬಾರಿಯಾಯಿತು. 2000ದಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ನಿಷೇಧವನ್ನು ರದ್ದುಮಾಡಿತು. ಸಿಯೋಲ್‌ನಲ್ಲಿ ರಾತ್ರಿ ಹತ್ತರ ಮೇಲೆ ಟ್ಯೂಷನ್ ಕೇಂದ್ರ ನಡೆಸುವಂತಿಲ್ಲ ಎಂಬ ನಿಯಮವೂ ಬಂತು. ಇಷ್ಟೆಲ್ಲ ಆದಮೇಲೆ, 2024ರಲ್ಲಿ ಕೊರಿಯಾದ ಶಾಲಾ ಮಕ್ಕಳ ಖಾಸಗಿ ಪಾಠಕ್ಕೆ ಹೆತ್ತವರು ಸುರಿದದ್ದು 29 ಲಕ್ಷ ಕೋಟಿ ವೋನ್. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದು ಲಕ್ಷದ ಎಂಬತ್ತು ಸಾವಿರ ಕೋಟಿ ರೂಪಾಯಿ. ಕರ್ನಾಟಕದ ಆ ವರ್ಷದ ಬಜೆಟ್ಟಿನ ಹೆಚ್ಚು ಕಡಿಮೆ ಅರ್ಧ. ನೂರಕ್ಕೆ 80 ಮಕ್ಕಳು ಖಾಸಗಿ ಪಾಠದಲ್ಲಿದ್ದರು. ಆರು ವರ್ಷದೊಳಗಿನ ಮಕ್ಕಳಲ್ಲೂ ಅರ್ಧದಷ್ಟು ಮಂದಿಗೆ ಟ್ಯೂಷನ್ನು. ಪುಟ್ಟ ಮಕ್ಕಳ ಇಂಗ್ಲಿಷ್ ಶಾಲೆಗಳಿಗೆ ತಿಂಗಳಿಗೆ ಸರಾಸರಿ 15 ಲಕ್ಷ ವೋನ್, ಅಂದರೆ 90 ಸಾವಿರ ರೂಪಾಯಿಗೂ ಮೇಲೆ. ಅಂಥ ಹೆಸರಾಂತ ಕೇಂದ್ರಗಳಿಗೆ ಸೇರಲು ನಾಲ್ಕು ವರ್ಷದ ಮಕ್ಕಳಿಗೂ ಪರೀಕ್ಷೆ ಇತ್ತು.

ಅಲ್ಲಿನ ಯುವಜನ ಕೊನೆಗೆ ಒಂದು ಲೆಕ್ಕ ಹಾಕಿದರು. ಇಷ್ಟು ಕೊಟ್ಟು ಸಾಕಲಾರೆವು ಎಂದ ಮೇಲೆ ಹೆರುವುದೇ ಬೇಡ. 2023ರಲ್ಲಿ ಕೊರಿಯಾದ ಫಲವತ್ತತೆ ದರ 0.72ಕ್ಕೆ ಬಿತ್ತು. 2024ರಲ್ಲಿ ಕೊಂಚ ಚೇತರಿಸಿ 0.75. ದುಬಾರಿ ಮನೆ, ತಡವಾದ ಮದುವೆ, ದುಡಿಯುವ ಹೆಂಗಸರಿಗಾಗುವ ಅನ್ಯಾಯ ಹೀಗೆ ಕಾರಣ ಹಲವಾರಿದ್ದರೂ ಮಗುವಿನ ಓದಿನ ಖರ್ಚಿನ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. 'ಇಬ್ಬರನ್ನ ಓದ್ಸೋದು ಎಲ್ಲಾಗುತ್ತೆ, ಒಂದೇ ಸಾಕು' ಎಂಬ ಮಾತು ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೇಳದವರುಂಟೇ?

ಒಂದು ದೇಶ ಐವತ್ತು ವರ್ಷ ಪರೀಕ್ಷೆ ತೆಗೆದು, ಟ್ಯೂಷನ್ ನಿಷೇಧಿಸಿ, ಗಡಿಯಾರ ಕಟ್ಟಿಯೂ ಯಾಕೆ ಸೋತಿತು? ನಮ್ಮ ಜಿಲ್ಲೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅವರು ಇದನ್ನು ಬೋರ್‌ವೆಲ್ಲಿನಲ್ಲಿ ಕಂಡಿದ್ದಾರೆ. ಪಕ್ಕದವನು ಎಂಟುನೂರು ಅಡಿ ಕೊರೆಸಿದ ಎಂದು ನಾವು ಸಾವಿರಕ್ಕೆ ಹೋದೆವು. ನಾವು ಹೋದೆವೆಂದು ಅವನು ಹದಿನೈದುನೂರಕ್ಕೆ ಇಳಿದ. ಕೊನೆಗೆ ಊರಿನ ನೀರೆಲ್ಲ ಪಾತಾಳ ಸೇರಿತು. ಯಾರ ತೋಟಕ್ಕೂ ನೀರು ಹೆಚ್ಚಲಿಲ್ಲ, ಎಲ್ಲರ ಸಾಲ ಹೆಚ್ಚಿತು. ಇದರಲ್ಲಿ ಯಾವೊಬ್ಬ ರೈತನೂ ದಡ್ಡನಲ್ಲ. ಅವನವನ ಮಟ್ಟಿಗೆ ಅವನು ಮಾಡಿದ್ದು ಸರಿಯೇ, ಒಣಗುತ್ತಿರುವ ದ್ರಾಕ್ಷಿ ಬಳ್ಳಿಯ ಮುಂದೆ ನಿಂತವನಿಗೆ ಬೇರೆ ದಾರಿಯೇನಿತ್ತು? ಮಕ್ಕಳ ಓದಿನಲ್ಲೂ ಹೀಗೆಯೇ. ಒಳ್ಳೆಯ ಕೆಲಸಗಳು ಬೆರಳೆಣಿಕೆ, ಸೀಟುಗಳು ಅದಕ್ಕಿಂತ ಸ್ವಲ್ಪ ಹೆಚ್ಚು, ಆಸೆಪಟ್ಟವರು ಲಕ್ಷಗಟ್ಟಲೆ. 2024ರ ನೀಟ್ ಬರೆದವರು 23 ಲಕ್ಷ ಮಂದಿ. ಎಂಬಿಬಿಎಸ್ ಸೀಟು ಸುಮಾರು 1.1 ಲಕ್ಷ. ಎಲ್ಲರೂ ಎರಡು ಪಟ್ಟು ಕೋಚಿಂಗ್ ಪಡೆದರೂ ಸೀಟು ಒಂದೂ ಹೆಚ್ಚುವುದಿಲ್ಲ. ಪೈಪೋಟಿಯ ಆಳ ಹೆಚ್ಚುತ್ತದೆ, ಆರಂಭದ ವಯಸ್ಸು ಇಳಿಯುತ್ತದೆ. ಹದಿನಾರು ತುಂಬದವರನ್ನು ಕೋಚಿಂಗ್ ಕೇಂದ್ರಕ್ಕೆ ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಅದೇ ಪಾಠ 'ಫೌಂಡೇಷನ್' ಎಂಬ ಹೆಸರಿನಲ್ಲಿ ಆರನೇ ತರಗತಿಯ ಶಾಲಾ ವೇಳಾಪಟ್ಟಿಯೊಳಗೇ ಬಂದು ಕೂರುತ್ತಿದೆ. ಸಿಯೋಲ್‌ನ ಹಳೆಯ ಪರೀಕ್ಷೆಗೆ ನಮ್ಮಲ್ಲೂ ಸಮಾನವಾದದ್ದಿದೆ. ನವೋದಯ, ಮೊರಾರ್ಜಿ ದೇಸಾಯಿ, ಆದರ್ಶ ವಿದ್ಯಾಲಯ ಸೇರಲು ಐದನೇ ತರಗತಿಯ ಮಕ್ಕಳು ಪರೀಕ್ಷೆ ಬರೆಯುತ್ತಾರೆ. ಒಂದು ನವೋದಯದ ಆರನೇ ತರಗತಿಗೆ ಸೀಟು ಹೆಚ್ಚೆಂದರೆ 80. ಅದಕ್ಕೂ ಗೈಡು, ಅದಕ್ಕೂ ಕೋಚಿಂಗು.

ಕಾನೂನಿಲ್ಲವೇ? ಇದೆ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಡೊನೇಷನ್ನನ್ನು ನಿಷೇಧಿಸುತ್ತದೆ, ಸಿಕ್ಕಿಬಿದ್ದರೆ ವಸೂಲಿ ಮಾಡಿದ್ದರ ಹತ್ತು ಪಟ್ಟಿನವರೆಗೆ ದಂಡ. ಸೇರಿಸಿಕೊಳ್ಳುವ ಮುನ್ನ ಮಗುವನ್ನೋ ಹೆತ್ತವರನ್ನೋ ಸಂದರ್ಶನ ಮಾಡಿದರೆ ಮೊದಲ ಸಲ 25 ಸಾವಿರ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರದವರೆಗೆ. ಆದರೆ ಆ ಕಾಯ್ದೆ ಕೊಡುವ ಹಕ್ಕು ಆರರಿಂದ ಹದಿನಾಲ್ಕು ವರ್ಷದವರದು. ಭಯ ಅದಕ್ಕಿಂತ ಮೊದಲೇ, ಎಲ್‌ಕೆಜಿಯ ಬಾಗಿಲಲ್ಲಿ ಕಾದಿರುತ್ತದೆ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ಕರ್ನಾಟಕ 2025-26ರಿಂದ ಜಾರಿಗೆ ತರಲು ಹೊರಟಾಗ ಆದದ್ದು ನೆನಪಿದೆಯಲ್ಲ. ಎರಡೂವರೆ ವರ್ಷಕ್ಕೇ ನರ್ಸರಿಗೆ ಸೇರಿಸಿದ್ದ ಹೆತ್ತವರು ಒಂದು ವರ್ಷ ಹಾಳಾಯಿತೆಂದು ಗಾಬರಿಯಾದರು. ಯುಕೆಜಿ ಮುಗಿಸಿದವರಿಗೆ ಆ ಒಂದು ಸಾಲಿಗೆ ಐದು ವರ್ಷ ಐದು ತಿಂಗಳು ಸಾಕೆಂದು ಸರ್ಕಾರ ಏಪ್ರಿಲ್‌ನಲ್ಲಿ ಬಾಗಿತು. ನಿಯಮ ಮಗುವಿನ ಪರ ಇತ್ತು. ಆದರೂ ಗೆದ್ದದ್ದು ಗಾಬರಿ.

ಹಾಗಾದರೆ ದಾರಿ? ಬೋರ್‌ವೆಲ್ ಕೊರೆಸಬೇಡಿ ಎಂಬ ಉಪದೇಶದಿಂದ ಈ ಜಿಲ್ಲೆಯ ಅಂತರ್ಜಲ ಏರಲಿಲ್ಲ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಹರಿದ ಮೇಲೆ ಸುತ್ತಲಿನ ಬತ್ತಿದ ಕೊಳವೆಬಾವಿಗಳಲ್ಲಿ ನೀರು ಕಂಡಿತು. ಅದೇ ಉಸಿರಿನಲ್ಲಿ ಇಲ್ಲಿನ ನೀರಾವರಿ ಹೋರಾಟಗಾರರು ಮೂರನೇ ಹಂತದ ಶುದ್ಧೀಕರಣ ಬೇಕೆಂದು ಕೇಳುತ್ತಲೇ ಇದ್ದಾರೆ. ಎರಡೂ ಮಾತು ಶಾಲೆಗೆ ಹೊಂದುತ್ತವೆ: ಊರಿಗೆ ಸೇರಿದ ಕೆರೆ ತುಂಬಬೇಕು, ತುಂಬಿದ್ದು ಶುದ್ಧವಾಗಿರಬೇಕು.

ಇದನ್ನು ಮಾಡಿ ತೋರಿಸಿದವರು ನಮ್ಮವರೇ. ಗೌರಿಬಿದನೂರಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ, ಊರಿನಲ್ಲಿ ಮುಂದೆ ಓದಲು ಶಾಲೆಯಿಲ್ಲದೆ ಬೆಂಗಳೂರಿಗೆ ನಡೆದೇ ಹೋದರು. ಅಮೆರಿಕದ ಓಹಿಯೋದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ನಾವು ನಡೆದದ್ದನ್ನು ಮಾತ್ರ ಹೇಳುತ್ತೇವೆ; ಕಷ್ಟಪಟ್ಟರೆ ಯಾರು ಬೇಕಾದರೂ ಮೇಲೆ ಬರಬಹುದೆಂದು ಇನ್ನೊಂದು ಹೊರೆ ಹೊರಿಸುತ್ತೇವೆ. ಅವರು ಆಮೇಲೆ ಮಾಡಿದ್ದು ಅದಕ್ಕಿಂತ ದೊಡ್ಡದು. ಹೊಸೂರಿನಲ್ಲಿ ನ್ಯಾಷನಲ್ ಹೈಸ್ಕೂಲು, ಗೌರಿಬಿದನೂರು ಮತ್ತು ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜು ಕಟ್ಟಿಸಿದರು. ತಾವು ನಡೆದ ದಾರಿಯನ್ನು ಇನ್ನೊಂದು ಮಗು ನಡೆಯಬೇಕಾಗಿ ಬರಬಾರದೆಂಬುದೇ ಅವರ ಲೆಕ್ಕ.

ಸರ್ಕಾರದ ಕೈಯಲ್ಲಿ ಸಾಮಾನು ಇಲ್ಲದಿಲ್ಲ. 1975ರಲ್ಲಿ ಟಿ. ನರಸೀಪುರದ ಮೂಲಕ ಕರ್ನಾಟಕಕ್ಕೆ ಕಾಲಿಟ್ಟ ಅಂಗನವಾಡಿ ಇವತ್ತು ಪ್ರತಿ ಊರಿನಲ್ಲಿದೆ. 2013ರ ಆಗಸ್ಟಿನಿಂದ ಸರ್ಕಾರಿ ಶಾಲೆಯಲ್ಲಿ ಕ್ಷೀರಭಾಗ್ಯ, 2024ರ ಫೆಬ್ರುವರಿಯಿಂದ ಆ ಹಾಲಿಗೆ ರಾಗಿ ಮಾಲ್ಟ್. ಇದರಲ್ಲಿ ಕೈಜೋಡಿಸಿರುವ ಟ್ರಸ್ಟು ನಮ್ಮ ಮುದ್ದೇನಹಳ್ಳಿಯದ್ದೇ. ಡಬ್ಬಿಗೆ ದುಡ್ಡು ಕೊಡುವ ಮನೆಯ ಮಗುವಿಗಿಂತ ಚೆನ್ನಾದ ರಾಗಿ ಸರ್ಕಾರಿ ಶಾಲೆಯ ಮಗುವಿನ ಲೋಟದಲ್ಲಿದೆ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಶುರುವಾದವು. ಇಷ್ಟಿದ್ದೂ ಜನ ವ್ಯಾನು ಹತ್ತುತ್ತಾರೆಂದರೆ, ಅವರು ನೋಡುವುದು ಯೋಜನೆಯ ಹೆಸರನ್ನಲ್ಲ, ತರಗತಿಯೊಳಗೆ ಮೇಷ್ಟ್ರು ಇದ್ದಾರೋ ಇಲ್ಲವೋ ಎಂಬುದನ್ನು. ಇಬ್ಬರು ಶಿಕ್ಷಕರು ಐದು ತರಗತಿ ನೋಡಿಕೊಳ್ಳುವ ಶಾಲೆಯ ಮುಂದೆ ನಿಂತು ಮಾತೃಭಾಷೆಯ ಮಹತ್ವ ಸಾರಿದರೆ ಯಾವ ತಾಯಿಯೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಆದ್ದರಿಂದ ಹೆತ್ತವರಿಗೆ ಹೆದರಬೇಡಿ ಎಂದು ಹೇಳುವ ಕೆಲಸ ಈ ಅಂಕಣದ್ದಲ್ಲ. ನೀರಿಲ್ಲದ ಬೇಸಾಯ, ನಂಬಲಾಗದ ಗೂಡಿನ ಬೆಲೆ ಕಂಡವರು ಮಕ್ಕಳಿಗೆ ಬೇರೆ ಬದುಕು ಬೇಕೆಂದು ಬಯಸುವುದು ತಪ್ಪಲ್ಲ. ಆ ಬಯಕೆಯನ್ನು ಮನೆಮನೆಯೂ ಒಂಟಿಯಾಗಿ ಕಂತು ಕಟ್ಟಿ ತೀರಿಸಿಕೊಳ್ಳಬೇಕೆಂಬ ಏರ್ಪಾಡು ತಪ್ಪು. ಫೀಸಿನ ಸಾಲಿನಲ್ಲಿ ನಿಲ್ಲುವ ಹೊತ್ತಿನಲ್ಲಿ ಅರ್ಧದಷ್ಟನ್ನು ಊರಿನ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಕೊಟ್ಟು ನೋಡಬಹುದು. ಪಂಚಾಯಿತಿಯಿಂದ ವಿಧಾನಸಭೆಯವರೆಗೆ ಓಟು ಕೇಳಲು ಬರುವವರ ಮುಂದೆ ನೀರಿನ ಪ್ರಶ್ನೆಯನ್ನು ನಾವು ಬಿಟ್ಟವರಲ್ಲ. ಅದರ ಜೊತೆಗೆ ಇನ್ನು ಮೂರನ್ನು ಕೇಳೋಣ: ನಮ್ಮೂರ ಶಾಲೆಯಲ್ಲಿ ತರಗತಿಗೊಬ್ಬ ಶಿಕ್ಷಕರು ಯಾವಾಗ ಬರುತ್ತಾರೆ? ಇಂಗ್ಲಿಷ್ ಕಲಿಸಲು ತರಬೇತಾದವರು ಯಾರು? ಅಂಗನವಾಡಿಯಲ್ಲಿ ಊಟದ ಜೊತೆ ಪಾಠವೂ ಆಗಬೇಕಾದರೆ ಆ ಕಾರ್ಯಕರ್ತೆಗೆ ಕೊಡುವ ಸಂಬಳವೆಷ್ಟು? ಉತ್ತರ ಕೊಡದವರಿಗೆ ಓಟು ಕೊಡಬೇಕಾದ ಹಂಗೇನೂ ನಮಗಿಲ್ಲ.